ಎದೆಯ ತುಣುಕು ಕೊಟ್ಟ ತಾಯಿಯ ಹೆಸರು

ವಿರೋಧಿ ಸಂವತ್ಸರ, ಶಕ ೨೧೭೧, ಶ್ರಾವಣ ಸೋಮವಾರ
ಹಾಲುಮನೆ, ಘಟಪ್ರಭೆಯ ದಂಡೆ

ನಮಗಿಂತ ಎಷ್ಟೋ ತಲೆಮಾರು ಮುಂಚೆ ಎದೆಯ ತುಣುಕು ಕೊಟ್ಟ ತಾಯಿಗೆ ಗೌರವ್ವ ಮಾಡುವ ಶರಣು.

ಇವತ್ತು ನನಗೆ ಉಪವಾಸ. ಅಂಗಳ ಗುಡಿಸಿ, ಲಿಂಗಪೂಜೆ ಮುಗಿಸಿ, ಹಾಲುಮನೆಯ ಗಾಜಿನ ಪಾತ್ರೆಗಳನ್ನು ಹಬೆಗಿಟ್ಟು ಕೂತಿದ್ದೇನೆ. ಊರ ಶಾಲೆಯಲ್ಲಿ ಕಲಿತವಳು ನಾನು. ಈ ತಾರೀಖು, ನಮ್ಮ ಕೆಲವು ಮಾತು ನಿಮಗೆ ವಿಚಿತ್ರ ಅನ್ನಿಸಿದರೆ ಮನ್ನಿಸಬೇಕು.

ನೀವು ಬೆನ್ನುನೋವು ತಾಳಲಾರದೆ ಶಸ್ತ್ರಚಿಕಿತ್ಸೆ ಮಾಡಿಸಿ ಎದೆಯ ಭಾರ ಇಳಿಸಿಕೊಂಡು, ತೆಗೆದ ತುಣುಕು ಮುಂದಿನವರಿಗಿರಲಿ ಎಂದು ಬಿಟ್ಟುಹೋದಿರಂತೆ. ಅದು ಇಷ್ಟು ಕಾಲ ಹಿಮಪೆಟ್ಟಿಗೆಯಲ್ಲಿತ್ತು. ಇಂಥ ತುಣುಕುಗಳಿಂದ ಈ ಹಾಲುಮನೆಯಲ್ಲಿ ನಾವು ಹಾಲುಬೇರು ತೆಗೆಯುತ್ತೇವೆ. ಹಾಲುಬೇರು ಎಂದರೆ ಎದೆಯ ಮಾಂಸದಲ್ಲಿ ಅಲ್ಲೊಂದು ಇಲ್ಲೊಂದು ಅಡಗಿರುವ ಆಕರಕೋಶ. ಅದಿದ್ದರೆ ಹಾಲಿನ ಗ್ರಂಥಿಯೇ ಮತ್ತೆ ಬೆಳೆಯುತ್ತದೆ. ತುಣುಕನ್ನು ಕರಗಿಸಿ, ಕೋಶಗಳನ್ನು ಬಿಡಿಬಿಡಿ ಮಾಡಿ, ಕಬ್ಬಿಣದ ಕಣ ಕಟ್ಟಿದ ಪ್ರತಿಕಾಯಗಳನ್ನು ಅದರೊಳಗೆ ಬಿಡುತ್ತೇವೆ. ಹಿಂಡಿನಲ್ಲಿ ಕರು ತನ್ನ ತಾಯನ್ನೇ ಹುಡುಕಿ ಹೋಗುವಂತೆ ಅವು ಮೈಮೇಲಿನ ಗುರುತು ಹಿಡಿದು ಹಾಲುಬೇರಿಗೇ ಅಂಟುತ್ತವೆ. ಆಮೇಲೆ ಅಯಸ್ಕಾಂತ ಹಿಡಿದರೆ ಅವಷ್ಟೇ ಪಕ್ಕಕ್ಕೆ ಬಂದು ನಿಲ್ಲುತ್ತವೆ, ಉಳಿದದ್ದು ತೊಳೆದುಹೋಗುತ್ತದೆ.

ನನ್ನ ಮಗಳು ನೀಲಾಂಬಿಕೆಗೆ ಬಸುರಿಯಿದ್ದಾಗಲೇ ಎದೆಯ ಕ್ಯಾನ್ಸರ್ ಬಂತು. ಎರಡೂ ಮೊಲೆ ತೆಗೆದರು. ಅವಳದೇ ತುಣುಕಿನಿಂದ ಹಾಲುಬೇರು ತೆಗೆಯಲಾಗಲಿಲ್ಲ. ರೋಗದ ಕೋಶಗಳ ಮೈಮೇಲೂ ಅದೇ ಗುರುತು; ಪ್ರತಿಕಾಯ ಎರಡನ್ನೂ ಹಿಡಿಯುತ್ತಿತ್ತು. ಹೆತ್ತ ಮೇಲೆ ಅವಳು ಉಳಿಯುವುದಿಲ್ಲವೆಂದು ಎಲ್ಲರಿಗೂ ತಿಳಿಯಿತು. ಕೂಸಿಗೆ ಪುಡಿಹಾಲು ಇದ್ದೇ ಇತ್ತು. ಆದರೆ ಮಗಳಿಗೆ ಒಂದೇ ಆಸೆ: ಬೆಳೆಸಿದ ಹಾಲುಗ್ರಂಥಿಯನ್ನು ಚೀಲದಲ್ಲಿಟ್ಟು ಎದೆಗೆ ಕಟ್ಟಿಕೊಂಡು, ಒಂದು ಸಲ ಕೂಸಿಗೆ ಕುಡಿಸಬೇಕು. ಅದಕ್ಕೇ ನಿಮ್ಮ ಪೆಟ್ಟಿಗೆ ತೆಗೆಯುವುದೆಂದಾಯಿತು.

ಅಂದು ಅಮಾವಾಸ್ಯೆ. ಅಮಾವಾಸ್ಯೆಗೆ ನಮ್ಮಲ್ಲಿ ಪೆಟ್ಟಿಗೆ ಮುಟ್ಟುವುದಿಲ್ಲ. ಹಾಲುಮನೆಯ ಹಿರಿಯಳು ತಂಗೆವ್ವ, “ಪಾಡ್ಯ ಆಗಲಿ, ಒಂದ್ ದಿನಕ್ಕ ಏನಾಗತೈತಿ?” ಅಂದಳು. ನೀಲಾ ಮಲಗಿದಲ್ಲೇ ನಕ್ಕಳು: “ನಿಮ್ಮ ಅಮಾಸಿ ಮುಗಿಯೂತನಾ ಕಾಯಾಕ ಯಮ ಏನ್ ನಮ್ಮ ಬೀಗನ, ಯವ್ವಾ?”

ಪಾಡ್ಯ ಆದಮೇಲೆಯೇ ಪೆಟ್ಟಿಗೆ ತೆಗೆದರು. ನಿಮ್ಮ ಹಾಲುಬೇರು ಚೆನ್ನಾಗಿ ಬೆಳೆಯಿತು, ತಾಯಿ, ನಿಮ್ಮದೇನೂ ಕೊರತೆಯಿಲ್ಲ. ಅದರಲ್ಲಿ ಮೊದಲ ಹಾಲು ಜಿನುಗಿದ ಬೆಳಿಗ್ಗೆ ನಾವು ನೀಲಾಳನ್ನು ಮಣ್ಣು ಮಾಡಲು ಹೊರಟಿದ್ದೆವು. ಹಿಂದಿನ ಸಂಜೆಯಷ್ಟೇ ಅವಳ ಉಸಿರು ನಿಂತಿತ್ತು.

ಬಂದು ಸ್ನಾನ ಮಾಡಿ ಚೀಲವನ್ನು ನಾನೇ ಎದೆಗೆ ಕಟ್ಟಿಕೊಂಡೆ. ಕೂಸು ಕಣ್ಣು ಮುಚ್ಚಿ ಕುಡಿಯಿತು. ದೇವರ ಮೇಲೆ ಸಿಟ್ಟಿಲ್ಲ. ಆದರೆ ಅಮಾವಾಸ್ಯೆ ಬಂದರೆ ದೀಪ ಹಚ್ಚಲು ಕೈ ಏಳುವುದಿಲ್ಲ.

ಯಾರ ಹಾಲುಬೇರಿನಿಂದ ಕುಡಿಯಿತೋ ಅವರ ಹೆಸರನ್ನೇ ಕೂಸಿಗೆ ಇಡುವುದು ಇಲ್ಲಿಯ ಪದ್ಧತಿ. ನಿಮ್ಮ ಪೆಟ್ಟಿಗೆಯ ಚೀಟಿಯಲ್ಲಿ ತುಣುಕು ಕೊಟ್ಟ ಕಾರಣವಿದೆ, ಹೆಸರಿನ ಜಾಗದಲ್ಲಿ ಬರೀ ಅಂಕಿಗಳಿವೆ. ಹೆಸರಿಡುವ ತೊಟ್ಟಿಲ ಶಾಸ್ತ್ರ ಹಾಗೇ ನಿಂತಿದೆ, ಹೆಣ್ಣುಕೂಸು ಹೆಸರಿಲ್ಲದೆ ಅಂಬೆಗಾಲಿಡುತ್ತಿದೆ. ಮನೆಯಲ್ಲಿ ನಿಮ್ಮನ್ನು ಏನೆಂದು ಕರೆಯುತ್ತಾರೆ, ಅಷ್ಟು ಬರೆಯಿರಿ. ಇದನ್ನು ಹಿಂದಂಚೆಗೆ, ಅಂದರೆ ಕಳೆದ ಕಾಲಕ್ಕೆ ಹೋಗುವ ಟಪಾಲಿಗೆ ಹಾಕುತ್ತಿದ್ದೇನೆ. ಅದು ಒಯ್ಯುತ್ತದೆ, ತಿರುಗಿ ತರುವುದಿಲ್ಲ ಅನ್ನುತ್ತಾರೆ. ಇದನ್ನು ಓದುತ್ತಿರುವವರು ಯಾರೇ ಇರಲಿ, ಆ ತಾಯಿಯ ಉತ್ತರವನ್ನು ಹೇಗಾದರೂ ಮಾಡಿ ನನಗೆ ತಂದುಕೊಡಿ.