ಬದಿಗೆ ಸರಿಸಿದ ಬಟ್ಟಲು

ಅಕ್ಕಾ,

ಇವತ್ತು ಮಧ್ಯಾಹ್ನ ಭಾವ ನನ್ನನ್ನು ಒಂದು ಕೊರಿಯನ್ ಹೋಟೆಲಿಗೆ ಊಟಕ್ಕೆ ಕರೆದಿದ್ದರು. ಅವರು ಮದುವೆಯಾಗಲಿರುವ ಟೀಚರ್ ಕೂಡ ಬಂದಿದ್ದರು. ನೀನು ಹೋಗಿ ಇನ್ನೂ ಎರಡು ವರ್ಷ ತುಂಬಿಲ್ಲ. ಒಂದು ಮಾತೂ ಆಡಬಾರದು ಅಂತ ಹಲ್ಲು ಕಚ್ಚಿಕೊಂಡೇ ಹೋಗಿದ್ದೆ.

ಅನ್ನ ಬರುವ ಮೊದಲೇ ಏಳೆಂಟು ಪುಟ್ಟ ಬಟ್ಟಲುಗಳಲ್ಲಿ ನೆಂಚಿಕೊಳ್ಳುವುದಕ್ಕೆ ಬಗೆಬಗೆಯದು ತಂದಿಟ್ಟರು. ಕಿಮ್ಚಿ ಅನ್ನುವ, ಎಲೆಕೋಸಿನ ಕೆಂಪು ಉಪ್ಪಿನಕಾಯಿಗೆ ನಾನು ಕೈ ಹಾಕುವಷ್ಟರಲ್ಲಿ ಟೀಚರ್ ತಡೆದರು. "ಒಂದು ನಿಮಿಷ ಇರಿ" ಅಂದು, ಎಲ್ಲದರಿಂದಲೂ ಚೂರು ಚೂರು ತಾವೇ ಬಾಯಿಗಿಟ್ಟುಕೊಂಡರು. ಬಡಿಸುವವಳನ್ನು ಕರೆದು ವಿಚಾರಿಸಿದರು. ಆಮೇಲೆ ಕಿಮ್ಚಿಯನ್ನೂ ಇನ್ನೊಂದು ಬಟ್ಟಲನ್ನೂ ಬದಿಗೆ ಸರಿಸಿದರು.

"ಇವೆರಡಕ್ಕೂ ಸೀಗಡಿ ಹಾಕಿದ್ದಾರೆ. ನಿಮಗೆ ಅದು ಆಗಿಬರಲ್ಲವಂತೆ."

ನನ್ನ ಮೈಯೆಲ್ಲ ಉರಿದುಹೋಯಿತು. ಅದು ನಿನ್ನ ಕೆಲಸ. ಎಲ್ಲಿ ಊಟಕ್ಕೆ ಕೂತರೂ ಮೊದಲು ನೀನು ರುಚಿ ನೋಡಿ, "ಇದು ನಿನಗೆ ಬೇಡ ಕಣೇ" ಅಂತ ನನ್ನ ತಟ್ಟೆಯಿಂದ ಎತ್ತಿಕೊಂಡು ತಿಂದು ಮುಗಿಸುತ್ತಿದ್ದೆ.

"ಇದನ್ನೆಲ್ಲ ನಿಮಗ್ಯಾರು ಹೇಳಿದ್ದು?" ಅಂದೆ. ಪಕ್ಕದ ಮೇಜಿನವರು ತಿರುಗಿ ನೋಡಿದರು. ಭಾವ ತಲೆ ಎತ್ತಲಿಲ್ಲ.

ಟೀಚರ್ ಸಿಟ್ಟಾಗಲಿಲ್ಲ. ಮೆತ್ತಗೆ ಕೇಳಿದರು, "ನಿಮ್ಮಕ್ಕನಿಗೆ ಏನು ಇಷ್ಟ ಆಗ್ತಿತ್ತು?"

ಅವರಿಗೆ ಗೊತ್ತಿಲ್ಲದ್ದು ನನಗೆ ಗೊತ್ತು ಅನ್ನುವ ಜಂಬ ಬಂತು ನೋಡು.

"ಸೀಗಡಿ" ಅಂದೆ. "ನನ್ನ ಪಾಲಿನದನ್ನೂ ಅವಳೇ ತಿಂತಿದ್ದಳು."

ಭಾವ ಆಗ ತಲೆ ಎತ್ತಿದರು.

"ಅವಳಿಗೆ ಸೀಗಡಿ ಸೇರ್ತಲೇ ಇರಲಿಲ್ಲ" ಅಂದರು. "ನಿನಗೆ ಗೊತ್ತಿರಲಿಲ್ಲವಾ?"