ಬುದಿಂಬು

ಪ್ರೀತಿಯ ಪುಟ್ಟಿ,

ಈ ಕಥೆಯನ್ನು ಮೊದಲು ಹೇಳಿದವಳು ಅಮ್ಮ, ನೀನು ಶಾಲೆಗೆ ಸೇರಿದ ದಿನ. ಮೂರು ವರ್ಷದವಳಿದ್ದಾಗ ನೀನು ಮುನಿಸಿಕೊಂಡು, “ನನ್ ಬುದಿಂಬು ಕೊಡಿ, ನಾನ್ ಹೋಗ್ತೀನಿ” ಎಂದು, ನಿನ್ನ ತೊದಲುಬಾಯಲ್ಲಿ ಬುದಿಂಬಾಗಿದ್ದ ಆ ದಿಂಬನ್ನು ಅಪ್ಪಿಕೊಂಡು ಹೊರಟು, ಹೊಸ್ತಿಲಲ್ಲೇ ನಿದ್ದೆಹೋಗಿದ್ದೆಯಂತೆ.

ನಿನ್ನೆ ವಕೀಲರು ನಮ್ಮ ಅಂಗಡಿಗೇ ಬಂದಿದ್ದರು. ನಾವು ಹೊಲಿದು ಮಾರುವ ದಿಂಬುಗಳಿಗಿಟ್ಟ ‘ಮೆತ್ತನೆ ದಿಂಬು’ ಎಂಬ ಹೆಸರಿಗೆ ಟ್ರೇಡ್‌ಮಾರ್ಕ್ ಸಿಗುವುದು ಕಷ್ಟವಂತೆ. “ದಿಂಬು ಮೆತ್ತಗಲ್ಲದೆ ಕಲ್ಲಿನ ಹಾಗಿರುತ್ತಾ ತಾಯಿ? ಆ ಮಾತು ಎಲ್ಲರದೂ. ಯಾರೂ ಕೇಳಿರದ ಹೆಸರು ಹೇಳಿ,” ಎಂದರು. ನಾನು ಅಮ್ಮನ ಕಥೆ ಹೇಳಿದೆ. ಹೊಲಿಯುವವರೆಲ್ಲ ಮಿಷನ್ ನಿಲ್ಲಿಸಿ ನಕ್ಕರು.

“ಬುದಿಂಬು! ಸರಿಹೋಯ್ತು. ಅರ್ಜಿ ನಿಮ್ಮೊಬ್ಬರ ಹೆಸರಲ್ಲೋ, ಪಾಲುದಾರಿಕೆಯಲ್ಲೋ?” ಎಂದು ವಕೀಲರು ಕೇಳಿದರು.

“ಸಂಬಳಕ್ಕೆ ದುಡಿಯೋಕೆ ನಾನೇನು ಹೊರಗಿನವಳಾ?” ಎಂದು ಕೇಳಿ ಅವತ್ತು ಮಿಷನ್ ಬಿಟ್ಟು ಎದ್ದುಹೋದವಳು ನೀನು. ನಾನು ಪಾಲುದಾರಿಕೆ ಎಂದುಬಿಟ್ಟೆ, ಸಮಪಾಲು. ಹೆಸರು ನಿನ್ನದು, ನೀನು ರುಜು ಹಾಕದೆ ಏನೂ ಆಗದು. ಬರುವಾಗ ಪಾಲುದಾರಿಕೆ ಪತ್ರಕ್ಕೆ ನಿನ್ನದೊಂದು ಫೋಟೋ ತಾ. ಮುಖ ಊದಿಸಿಕೊಂಡಿರುವುದು ಬೇಡ.

ಇವತ್ತು ಬೆಳಿಗ್ಗೆ ನಾನು ಬಾಗಿಲು ತೆಗೆಯುವ ಮೊದಲೇ ಹೊಲಿಯುವವರು ಬಂದು ಕಾಯುತ್ತಿದ್ದರು. ಯಾರೂ ಹೇಳದೆಯೇ ನಿನ್ನ ಮಿಷನ್ನಿನ ಧೂಳು ಒರೆಸಿ, ಎಣ್ಣೆ ಬಿಟ್ಟು, ಸೂಜಿಗೆ ದಾರ ಪೋಣಿಸಿ ಇಟ್ಟಿದ್ದಾರೆ.

ನಿನ್ನ ಅಕ್ಕ