ಐದು ಮನೆ ಬೇಡಲು ಹೋದ ಕೂಸು

ಮಕ್ಕಳ ರಕ್ಷಣೆಯ ಹೊಣೆ ಹೊತ್ತ ಮಾನ್ಯರೇ,

ನನ್ನ ತಂಗಿ ವಿದ್ಯಾವತಿಯ ಮಗಳು, ಎಂಟು ವರ್ಷದ ಬಸವೇಶ್ವರಿಯನ್ನು ತಾವು ಗಾಣಗಾಪುರದ ಬೀದಿಯಿಂದ ‘ರಕ್ಷಿಸಿ’ ಬಾಲಮಂದಿರಕ್ಕೆ ಸೇರಿಸಿದ್ದೀರಿ. ಯಾರಿಂದ ರಕ್ಷಿಸಿದಿರಿ ಎಂದರೆ, ಹೆತ್ತ ತಾಯಿಯಿಂದ ಎನ್ನುತ್ತೀರಿ. ಕಚೇರಿಯೊಳಗೆ ನಮ್ಮ ಮಾತು ಕೇಳುವವರಿಲ್ಲದ್ದರಿಂದ ನಾಲ್ಕು ಜನರೆದುರು ಬರೆಯುತ್ತಿದ್ದೇನೆ.

ಮಗುವಿಗೆ ಕಾಮಾಲೆಯಾಗಿ ಉಳಿಯುವುದೇ ಅನುಮಾನವಾಗಿದ್ದಾಗ, ಗುಣವಾದರೆ ಮಗಳನ್ನು ಕರೆತಂದು ಮಾಧುಕರಿ ಬೇಡುತ್ತೇನೆಂದು ವಿದ್ಯಾವತಿ ದತ್ತನಿಗೆ ಹರಕೆ ಹೊತ್ತಿದ್ದಳು. ಗಾಣಗಾಪುರಕ್ಕೆ ಬಂದವರು ಜೋಳಿಗೆ ಹಿಡಿದು ಐದು ಮನೆ ಬೇಡುವುದು, ಸಿಕ್ಕಿದ್ದನ್ನು ಪ್ರಸಾದವೆಂದು ಉಣ್ಣುವುದು ಅಲ್ಲಿನ ಮಾಧುಕರಿಯ ಪದ್ಧತಿ. ಕಾರಿನಲ್ಲಿ ಬಂದ ಸಾಹುಕಾರರೂ ಬೇಡುತ್ತಾರೆ, ಅವರ ಮಕ್ಕಳೂ ಬೇಡುತ್ತಾರೆ. ಅವರ ಫೋಟೊ ತೆಗೆಯುತ್ತಾರೆಯೇ ಹೊರತು ಯಾರೂ ಜೀಪು ಹತ್ತಿಸುವುದಿಲ್ಲ. ನಮ್ಮ ಕೂಸಿನ ಲಂಗ ಮಾಸಿತ್ತು. ಭಕ್ತಿಗೂ ಇಸ್ತ್ರಿ ಬೇಕೆಂಬುದು ಗೊಬ್ಬೂರಿನ ನಮಗೆ ಹೇಗೆ ತಿಳಿಯಬೇಕು?

ತಾಯಿ ಹಿಂದಿನ ಮನೆಯಲ್ಲಿ ನೀರು ಕೇಳಿ ಕುಡಿಯುತ್ತಿದ್ದಾಗ ಮಗು ಮುಂದಿನ ಬಾಗಿಲಲ್ಲಿ ನಿಂತಿತ್ತು. ತಮ್ಮ ಸಿಬ್ಬಂದಿ ಕೇಳಿದರಂತೆ, “ಬೇಡಾಕ ಯಾರು ಕಳಿಸ್ಯಾರ?”

“ಅವ್ವ.”

“ಬೇಡಿದ್ದು ಯಾರಿಗೆ ಕೊಡ್ತಿ?”

“ಅವ್ವಗ.”

ಕೇಳಿದ್ದಕ್ಕೆಲ್ಲ ಮಗು ಇದ್ದದ್ದನ್ನೇ ಹೇಳಿತು. ವಿದ್ಯಾವತಿ ಓಡಿ ಬಂದು, “ಸಾಹೇಬ್ರ, ಹರಕಿ ಅದರಿ, ನನ್ನ ಕೂಸು ಬಿಡ್ರಿ” ಎಂದು ಕಾಲು ಹಿಡಿದಳು. “ಎಲ್ಲಾರೂ ಹಿಂಗೇ ಹೇಳ್ತಾರ” ಎಂದರಂತೆ.

ನಿಜ, ಹೇಳುತ್ತಾರೆ. ಮಕ್ಕಳನ್ನು ಬೇಡಲು ಬಿಟ್ಟು ತಾವು ಕುಡಿದು ಬೀಳುವವರನ್ನು ನಾನೂ ಕಂಡಿದ್ದೇನೆ. ಆ ಮಕ್ಕಳಿಗೆ ತಾವು ಬೇಕೇ ಬೇಕು. ಆದರೆ ಒಮ್ಮೆ ಗೊಬ್ಬೂರಿಗೆ ಬಂದು ಶಾಲೆಯ ಮಾಸ್ತರರನ್ನೋ ಓಣಿಯವರನ್ನೋ ವಿಚಾರಿಸಲು ಆ ಜೀಪಿಗೆ ದಾರಿ ಸಿಗಲಿಲ್ಲವೇ? ತನಿಖಾ ವರದಿ ಬರಲಿ ಎನ್ನುತ್ತೀರಿ. ಅದನ್ನು ಬರೆಯಬೇಕಾದವರೂ ತಮ್ಮವರೇ. ಓಣಿಯಲ್ಲಂತೂ ತೀರ್ಪು ಆಗಿಹೋಗಿದೆ: “ಮಗಳ್ನ ಭಿಕ್ಷಾಕ್ಕ ಹಚ್ಚಿದಾಕಿ.” ನನ್ನ ತಂಗಿ ನಳದ ನೀರಿಗೂ ಹೊರಗೆ ಬರುತ್ತಿಲ್ಲ. ಏನು ಮಾಡಬೇಕೋ ನನಗೆ ತಿಳಿಯದಾಗಿದೆ.

ಮೊನ್ನೆ ಭೇಟಿಗೆ ಹೋಗಿದ್ದೆವು. ತಾಯಿ ಹೋಳಿಗೆ ಬಿಚ್ಚಿ ಹಿಡಿದರೂ ಮಗು ಕೈ ಚಾಚಲಿಲ್ಲ. ಅಲ್ಲಿನ ಆಯಾ ಹೇಳಿದರು: “ಊಟದಾಗೂ ಹಂಗೇರಿ. ಹಸಿದ್ರೂ ಇನ್ನೊಂದು ರೊಟ್ಟಿ ಕೇಳಂಗಿಲ್ಲ.”

ಯಾಕವ್ವಾ ಎಂದೆ.

“ಬೇಡಿದ್ರ ಅವ್ವಗ ಜೇಲಿಗೆ ಹಾಕ್ತಾರ, ಮಾಮಾ.”

ಮಾನ್ಯರೇ, ಮಗುವನ್ನು ಮನೆಗೆ ಕಳಿಸಿ. ಅದಕ್ಕೂ ಮೊದಲು, ಇವತ್ತೇ, ಊಟದ ಹೊತ್ತಿಗೆ ತಾವೇ ಹೋಗಿ, ಹಸಿದಾಗ ಕೇಳಿದರೆ ತಪ್ಪಲ್ಲ ಎಂದು ಅದಕ್ಕೆ ಹೇಳಿ. ನಾವು ಹೇಳಿದೆವು. ನಂಬಲಿಲ್ಲ.

ಇಂತಿ,
ತಮ್ಮ ಕಡತದಲ್ಲಿ ‘ಸೋದರಮಾವನೆಂದು ಹೇಳಿಕೊಳ್ಳುವ ವ್ಯಕ್ತಿ’,
ಸಿದ್ದಲಿಂಗ, ಗೊಬ್ಬೂರ